ಬೀದರ್‌ನ ಪ್ರಕಟನೆ ತರಗತಿ: ಆರು ಶನಿವಾರ ಕೂತು ಕೇಳಿದ್ದು

ಪ್ರಕಟನೆ ಅಂದರೆ ಬೈಬಲ್‌ನ ಕೊನೆಯ ಪುಸ್ತಕ, ಯೋಹಾನ ಕಂಡ ದರ್ಶನಗಳು. ಅದನ್ನು ಓದಿಸುವ ತರಗತಿ ಇದು. ಫೀ 300 ರೂಪಾಯಿ. ಆರು ಶನಿವಾರ, ಸಂಜೆ 6ರಿಂದ 8:30. ನೋಟ್ಸ್, ಚಹಾ ಎಲ್ಲ ಅದರಲ್ಲೇ ಬಂತು. ಜಾಗ ಬೀದರ್‌ನ ಮಂಗಲಪೇಟೆ ಕಡೆ, ಒಂದು ಪ್ರಾರ್ಥನಾ ಮಂದಿರದ ಹಿಂದಿನ ಹಾಲ್. ಕಲಿಸುವವರು ಹೈಸ್ಕೂಲಿನಲ್ಲಿ ಗಣಿತ ಹೇಳಿ ರಿಟೈರ್ ಆದ ಮಾಸ್ತರ್. ನೌಕರಿ ಮುಗಿದ ಮೇಲೆ ದೈವಶಾಸ್ತ್ರ ಓದಿದವರು. "ನನ್ನ ಹೆಸರು ಹಾಕಬೇಡ" ಅಂದಿದ್ದಾರೆ, ಹಾಗಾಗಿ ಹಾಕಿಲ್ಲ. ಊರಿನ ಸಭೆಗಳಲ್ಲಿ, ಅಂದರೆ ಚರ್ಚ್‌ಗಳಲ್ಲಿ, ಪ್ರಕಟನೆ ಮಾಸ್ತರ್ ಅಂತ ಕೇಳಿದರೆ ದಾರಿ ತೋರಿಸುತ್ತಾರೆ.

ಕ್ರಿಸ್ತವಿರೋಧಿ ಯಾರು, ಪ್ರಕಟನೆಯಲ್ಲಿ ದೇವರ ವೈರಿಯಾಗಿ ಬರುವ ಮೃಗದ ಗುರುತು ಅಂದರೇನು, ಕಡೇ ದಿನಗಳ ಬಗ್ಗೆ ಕ್ರೈಸ್ತರೇ ತಮ್ಮತಮ್ಮಲ್ಲಿ ಒಪ್ಪದೆ ಏನೇನು ಹೇಳುತ್ತ ಬಂದಿದ್ದಾರೆ, ಇದೇ ಆರೂ ವಾರದ ವಿಷಯ. ನಾನು ಹೋದದ್ದು ನಮ್ಮ ಅತ್ತಿಗಾಗಿ.

ಗವಾನ್ ಚೌಕದ ಹತ್ತಿರ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಪಹಣಿ, ಜಾತಿ ಆದಾಯ ಪ್ರಮಾಣಪತ್ರ, ಪ್ಯಾನ್ ಕಾರ್ಡ್, ಪೆನ್ಶನ್ ಅರ್ಜಿ, ಜೆರಾಕ್ಸ್. ದಿನವಿಡೀ ಜನರ ಹೆಬ್ಬೆರಳು ಹಿಡಿದು ಮೆಷಿನ್ ಮೇಲೆ ಒತ್ತಿಸುವ ಕೆಲಸ. ಅತ್ತಿ ಅಂದರೆ ನಮ್ಮಪ್ಪನ ಅಕ್ಕ. ಭಾಲ್ಕಿ ತಾಲೂಕಿನ ಹಳ್ಳಿಯಲ್ಲಿ ಒಬ್ಬಳೇ ಇರುತ್ತಾಳೆ. ಹೋದ ವರ್ಷ ಅಲ್ಲಿಗೆ ಕೂಟ ನಡೆಸಲು ಬಂದ ಒಬ್ಬ ಬೋಧಕರು, ರೇಷನ್ ಮೆಷಿನ್‌ಗೆ ಹೆಬ್ಬೆರಳು ಕೊಡುವುದೇ ಮೃಗದ ಗುರುತು, ಕೊಟ್ಟವರ ಹೆಸರು ಜೀವಬಾಧ್ಯರ, ಅಂದರೆ ಸ್ವರ್ಗ ಸೇರುವವರ, ಪುಸ್ತಕದಲ್ಲಿ ಇರುವುದಿಲ್ಲ ಅಂತ ಹೇಳಿ ಹೋದರು. ಮರು ತಿಂಗಳಿಂದ ಅತ್ತಿ ರೇಷನ್ ಅಂಗಡಿಗೆ ಹೋಗುವುದನ್ನೇ ಬಿಟ್ಟಳು. ಏಳು ತಿಂಗಳು. ನಮಗೆ ಯಾರಿಗೂ ಹೇಳಲಿಲ್ಲ.

ಕ್ರಿಸ್‌ಮಸ್‌ಗೆ ಹೋದಾಗ ನನ್ನ ಹೆಂಡತಿ ಅಡುಗೆಗೆ ಅಂತ ಅಕ್ಕಿ ಡಬ್ಬಿ ತೆಗೆದಳು. ತಳದಲ್ಲಿ ಎರಡು ಹಿಡಿ ನುಚ್ಚು. ಅಕ್ಕಪಕ್ಕದವರು ಕೊಟ್ಟದ್ದಂತೆ. "ಯಾಕ ಅತ್ತಿ?" ಅಂದೆ. ಆಕೆ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, "ಕೊಳ್ಳಾಕ, ಮಾರಾಕ ಬಲಗೈಗೆ ಗುರುತು ಬೇಕು ಅಂತ ಬರದದ ತಮ್ಮಾ. ನಾ ಉಪಾಸ ಇರ್ತೀನಿ, ಗುರುತು ಹಾಕಿಸ್ಕೊಳ್ಳಂಗಿಲ್ಲ" ಅಂದಳು.

ನನಗೆ ಮಾತೇ ಬರಲಿಲ್ಲ. ಹಸಿದು ಕೂತು ಕಾಪಾಡಿಕೊಂಡ ನಂಬಿಕೆ ಅದು. ಅದನ್ನು ಹಗುರ ಮಾಡಿ ಮಾತಾಡಲು ನಾನು ಯಾರು? ಆದರೆ ಆಕೆಗೆ ಹೇಳಿದ್ದು ತಪ್ಪು ಅಂತ ಮನಸ್ಸು ಹೇಳುತ್ತಿತ್ತು. ಯಾಕೆ ತಪ್ಪು ಅಂತ ತೋರಿಸಲು ನನ್ನ ಕೈಯಲ್ಲಿ ಒಂದು ವಚನವೂ ಇರಲಿಲ್ಲ. ನಾನೂ ಅಂಥದೇ ಬೋಧನೆ ಕೇಳಿ ಬೆಳೆದವನು. ಜನವರಿಯಲ್ಲಿ ಈ ತರಗತಿಯ ಸುದ್ದಿ ಸಿಕ್ಕಿತು, ಫೀ ಕಟ್ಟಿದೆ.

ಮೊದಲ ಸಂಜೆ ಮಾಸ್ತರ್ ಪಾಠ ಶುರು ಮಾಡಲೇ ಇಲ್ಲ. "ಪ್ರಕಟನೆಯಲ್ಲಿ 22 ಅಧ್ಯಾಯ ಇವೆ. ಕ್ರಿಸ್ತವಿರೋಧಿ ಅನ್ನೋ ಮಾತು ಎಲ್ಲೆಲ್ಲಿ ಬರುತ್ತೆ, ಹುಡುಕಿ. 20 ನಿಮಿಷ" ಅಂದು ಹೊರಗೆ ಹೋಗಿ ನಿಂತರು. ನಾವು ಮೂವತ್ತು ಜನ ಹಾಳೆ ತಿರುವಿದ್ದೇ ತಿರುವಿದ್ದು. 13ನೇ ಅಧ್ಯಾಯದಲ್ಲಿ ಖಂಡಿತ ಇದೆ ಅಂತ ನಾನು ಎರಡು ಸಲ ಓದಿದೆ. ಮೃಗ ಇದೆ, ಘಟಸರ್ಪ ಇದೆ, ಆ ಮಾತು ಇಲ್ಲ. ದಾನಿಯೇಲನ ಪುಸ್ತಕದಲ್ಲೂ ಇಲ್ಲ. ಇಡೀ ಸತ್ಯವೇದದಲ್ಲಿ, ಅಂದರೆ ಬೈಬಲ್‌ನಲ್ಲಿ, ಯೋಹಾನನ ಮೊದಲನೇ, ಎರಡನೇ ಪತ್ರಗಳಲ್ಲಿ ಮಾತ್ರ, ನಾಲ್ಕು ವಚನಗಳಲ್ಲಿ ಐದು ಸಲ ಬರುತ್ತದೆ. ಕ್ರಿಸ್ತವಿರೋಧಿ ಬರುತ್ತಾನೆ ಅಂತ ನೀವು ಕೇಳಿದ್ದೀರಿ, ಈಗಾಗಲೇ ಅಂಥವರು ಬಹಳ ಜನ ಎದ್ದಿದ್ದಾರೆ ಅನ್ನುತ್ತಾನೆ ಯೋಹಾನ. ಅವರು ಸಭೆಯೊಳಗಿಂದಲೇ ಹೊರಟವರು. ಯೇಸುವೇ ಕ್ರಿಸ್ತ ಅನ್ನುವುದನ್ನು, ಆತ ಮನುಷ್ಯನಾಗಿ ಬಂದದ್ದನ್ನು ಇಲ್ಲ ಅನ್ನುವವರು.

ಹಾಗಾದರೆ ನಮ್ಮ ತಲೆಯಲ್ಲಿರುವ ಆ ಒಬ್ಬ ಭಯಂಕರ ಮನುಷ್ಯ ಎಲ್ಲಿಂದ ಬಂದ? ಮಾಸ್ತರ್ ಅದಕ್ಕೆ ಕೌದಿಯ ಹೋಲಿಕೆ ಕೊಟ್ಟರು. ಯೋಹಾನನ ಪತ್ರದಿಂದ ಹೆಸರು, ಪೌಲನ 2 ಥೆಸಲೋನಿಕ ಪತ್ರದಿಂದ ಅಧರ್ಮಸ್ವರೂಪ ಅನ್ನುವ ಮನುಷ್ಯ, ದಾನಿಯೇಲ 7ರಿಂದ ಚಿಕ್ಕ ಕೊಂಬು, ಪ್ರಕಟನೆ 13ರಿಂದ ಮೃಗ. ನಾಲ್ಕು ಅರಿವೆ ಸೇರಿಸಿ ಹೊಲಿದ ಕೌದಿ. ಎರಡನೇ ಶತಮಾನದ ಐರೇನಿಯಸ್ ಎಂಬ ಬಿಷಪ್‌ನ ಬರಹದಲ್ಲೇ ಈ ಹೊಲಿಗೆ ಕಾಣುತ್ತದೆ. "ಹೊಲಿದದ್ದು ತಪ್ಪು ಅಂತ ನಾನು ಹೇಳಲ್ಲ. ಆದರೆ ಹೊಲಿಗೆ ಎಲ್ಲಿದೆ ಅಂತ ಗೊತ್ತಿರಬೇಕು" ಅಂದರು. ನನ್ನ 300 ರೂಪಾಯಿ ಆ ಸಂಜೆಯೇ ವಸೂಲಾಯಿತು.

ಎರಡನೇ ಶನಿವಾರ 666ರ ಪಾಠ. ಪ್ರಕಟನೆ 13ರಲ್ಲಿ ಮೃಗಕ್ಕೆ ಕೊಟ್ಟ ಅಂಕೆ ಅದು. ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಇಷ್ಟು ಚೆನ್ನಾಗಿ ಇದನ್ನು ಯಾರೂ ನನಗೆ ಹೇಳಿರಲಿಲ್ಲ.

ಮಾಸ್ತರ್ ಬೋರ್ಡ್ ಮೇಲೆ 786 ಅಂತ ಬರೆದರು. ಬೀದರ್‌ನಲ್ಲಿ ಈ ಅಂಕೆ ನೋಡದವರು ಯಾರಿದ್ದಾರೆ? ನನ್ನ ಅಂಗಡಿ ಎದುರಿನ ಸ್ಟ್ಯಾಂಡ್‌ನಲ್ಲಿ ಎಷ್ಟೋ ಆಟೋಗಳ ಮೇಲೆ ಇದೆ. ಬಿಸ್ಮಿಲ್ಲಾ ಸಾಲಿನ ಅಕ್ಷರಗಳಿಗೆಲ್ಲ ಬೆಲೆ ಕಟ್ಟಿ ಕೂಡಿಸಿದರೆ 786 ಬರುತ್ತದೆ. ಅರಬ್ಬಿಯಲ್ಲಿ ಒಂದೊಂದು ಅಕ್ಷರಕ್ಕೂ ಒಂದು ಅಂಕೆ ಇದೆ. ಆಮೇಲೆ ಇನ್ನೊಂದು ಸಾಲು ಓದಿ ಹೇಳಿದರು: "ಬೇಗುನಹ್ ಮಹಮೂದ್ ಗಾವಾನ್ ಶುದ್ ಶಹೀದ್." ತಪ್ಪಿಲ್ಲದ ಮಹಮೂದ್ ಗಾವಾನ್ ಹುತಾತ್ಮನಾದ ಅಂತ ಅರ್ಥ. ಗಾವಾನ್ ಬಹಮನಿ ಸುಲ್ತಾನರ ಮಂತ್ರಿ. ಅದರ ಅಕ್ಷರಗಳನ್ನು ಕೂಡಿಸಿದರೆ 886. ಗಾವಾನನನ್ನು ಕೊಂದ ಹಿಜರಿ ವರ್ಷ ಅದೇ, ನಮ್ಮ ಲೆಕ್ಕದಲ್ಲಿ 1481. ಯಾರ ಮದರಸಾದ ಪಕ್ಕ ನಾನು ದಿನಾ ಅಂಗಡಿ ತೆಗೆಯುತ್ತೇನೋ ಆ ಮನುಷ್ಯನ ಸಾವಿನ ವರ್ಷ ಒಂದು ಸಾಲಿನೊಳಗೆ ಕೂತಿದೆ ಅಂತ ನನಗೆ ಗೊತ್ತೇ ಇರಲಿಲ್ಲ.

"ಯೋಹಾನನ ಕಾಲದಲ್ಲಿ ಹೀಬ್ರೂ, ಗ್ರೀಕ್ ಎರಡರಲ್ಲೂ ಅಕ್ಷರವೇ ಅಂಕೆ. ಅದಕ್ಕೇ ಬುದ್ಧಿ ಇದ್ದವನು ಎಣಿಸಲಿ, ಅದು ಒಬ್ಬ ಮನುಷ್ಯನ ಅಂಕೆ ಅಂತ ಬರೆದ" ಅಂದರು. ನೀರೋ ಚಕ್ರವರ್ತಿಯ ಹೆಸರನ್ನು ಹೀಬ್ರೂನಲ್ಲಿ 'ನೆರೋನ್ ಕೈಸರ್' ಅಂತ ಬರೆದು, ನಮ್ಮ ಕೈಯಲ್ಲೇ ಕೂಡಿಸಿದರು. 50, 200, 6, 50. ಆಮೇಲೆ 100, 60, 200. ಒಟ್ಟು 666. ಕೆಲವು ಹಳೇ ಪ್ರತಿಗಳಲ್ಲಿ ಅದೇ ಜಾಗದಲ್ಲಿ 616 ಅಂತ ಇದೆ. ಲ್ಯಾಟಿನ್ನಿನವರು ಅವನನ್ನು 'ನೀರೋ' ಅನ್ನುತ್ತಾರೆ, ಕೊನೆಯ 'ನ್' ಇಲ್ಲ. ಆ ಅಕ್ಷರದ 50 ಕಳೆದರೆ ಸರಿಯಾಗಿ 616. ಹಾಲ್‌ನಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ.

ಈ ಲೆಕ್ಕವನ್ನು ಹಿಡಿದವರ ಪ್ರಕಾರ ಮೃಗ ಅಂದರೆ ಆ ಕಾಲದ ರೋಮ್ ರಾಜ್ಯ, ಪ್ರವಾದನೆಯ ಬಹುಪಾಲು ಆಗಲೇ ನೆರವೇರಿದೆ. ಕ್ರೈಸ್ತರನ್ನು ಹಿಂಸಿಸಿದ ನೀರೋ ಸತ್ತದ್ದು 68ರಲ್ಲಿ. ಯೆರೂಸಲೇಮಿನ ದೇವಾಲಯ ಬಿದ್ದದ್ದು 70ರಲ್ಲಿ. ಕಾಲ ಹತ್ತಿರವಾಗಿದೆ ಅಂತ ಪ್ರಕಟನೆಯ ಮೊದಲಲ್ಲೂ ಕೊನೆಯಲ್ಲೂ ಬರೆದಿದೆ, ಓದುವವರಿಗೆ ಅದು ಅವರ ಕಾಲದ ಮಾತೇ ಆಗಿರಬೇಕು ಅಲ್ವಾ ಅನ್ನುವುದು ಇವರ ವಾದ. ನಾನು ಆಗಲೇ ಒಪ್ಪಿಬಿಟ್ಟಿದ್ದೆ. ಚಹಾ ಆದ ಮೇಲೆ ಮಾಸ್ತರ್ ಅದೇ ವಾದಕ್ಕೆ ತಿರುಗೇಟು ಕೊಟ್ಟರು. ಗ್ರೀಕ್ ಓದುವ ಜನರಿಗೆ ಹೀಬ್ರೂ ಲೆಕ್ಕ ಯಾಕೆ? ಐರೇನಿಯಸ್ ಮೂರು ಹೆಸರು ಎಣಿಸಿ ನೋಡಿದ, ಅದರಲ್ಲಿ ನೀರೋ ಇಲ್ಲವೇ ಇಲ್ಲ. ಆ ಮೂರರಲ್ಲೂ ಇದೇ ಅಂತ ಗಟ್ಟಿಯಾಗಿ ಹೇಳದೆ, ಊಹೆ ಮಾಡುವುದಕ್ಕಿಂತ ಕಾಯುವುದು ಒಳ್ಳೆಯದು ಅಂದ. ಅದೂ ಅಲ್ಲದೆ ಈ ದರ್ಶನ ಕಂಡದ್ದು ರೋಮ್ ಚಕ್ರವರ್ತಿ ಡೊಮಿಶಿಯನ್ ಆಳ್ವಿಕೆಯ ಕೊನೆಗೆ ಅಂತ ಅವನೇ ಬರೆದಿದ್ದಾನೆ. ಅಂದರೆ ಸುಮಾರು 95ರ ಹೊತ್ತಿಗೆ. ಆಗ ನೀರೋ ಸತ್ತು 25 ವರ್ಷ ದಾಟಿತ್ತು.

ಈ ತರಗತಿಯ ರೀತಿಯೇ ಇದು. ಚಹಾಕ್ಕೆ ಮೊದಲು ಒಂದು ಮತವನ್ನು ಅದನ್ನು ನಂಬುವವರು ಹೇಳುವಷ್ಟೇ ಗಟ್ಟಿಯಾಗಿ ಹೇಳುತ್ತಾರೆ. ಚಹಾ ಆದ ಮೇಲೆ ಅದರ ತೂತು ತೋರಿಸುತ್ತಾರೆ. ಎರಡೂ ಕಡೆ ತಕ್ಕಡಿಯ ಕೈ ಒಂದೇ.

ಮೂರನೇ ವಾರ ಇತಿಹಾಸದ ಉದ್ದಕ್ಕೂ ಪ್ರವಾದನೆ ನೆರವೇರುತ್ತ ಬಂದಿದೆ ಅನ್ನುವವರ ಮತ. ಒಂದು ದಿನಕ್ಕೆ ಒಂದು ವರ್ಷ ಹಿಡಿಯುತ್ತಾರೆ. ಪ್ರಕಟನೆಯ 1260 ದಿನ ಅಂದರೆ 1260 ವರ್ಷ. ಲೂಥರ್ ಮತ್ತು ಅವನ ನಂತರದ ಪ್ರೊಟೆಸ್ಟೆಂಟರು ಪೋಪ್ ಪದವಿಯನ್ನೇ ಕ್ರಿಸ್ತವಿರೋಧಿ ಅಂದರು. 1646ರ ಇಂಗ್ಲೆಂಡಿನ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಕಟಣೆಯಲ್ಲಿ ಅದನ್ನು ಬರೆದೇ ಇಟ್ಟರು. ಅಮೆರಿಕದ ಪ್ರೆಸ್ಬಿಟೇರಿಯನ್ ಪ್ರೊಟೆಸ್ಟೆಂಟರು 1903ರಲ್ಲಿ ಆ ಸಾಲನ್ನು ತಿದ್ದಿದರು. ಕೆಲವರು ಪೋಪರ ಅಧಿಕಾರ 538ರಲ್ಲಿ ಶುರುವಾಯಿತು ಅಂತ ಹಿಡಿದು, ಅಲ್ಲಿಂದ ಎಣಿಸಿ 1798ಕ್ಕೆ ಬಂದರು, ಆ ವರ್ಷ ಫ್ರಾನ್ಸಿನ ಸೈನ್ಯ ಪೋಪರನ್ನು ಸೆರೆ ಹಿಡಿದಿತ್ತು. ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್‌ನ ಜನ ದಾನಿಯೇಲನ 2300 ದಿನಗಳ ಲೆಕ್ಕ ಹಿಡಿದು 1844ರ ಅಕ್ಟೋಬರ್ 22ರ ರಾತ್ರಿ ಕ್ರಿಸ್ತ ಬರುತ್ತಾನೆ ಅಂತ ಕಾದು ಕೂತರು. ಬೆಳಗಾಯಿತು. ಅವರು ಅತ್ತದ್ದನ್ನು ಮಾಸ್ತರ್ ಹೇಳುವಾಗ ಅವರ ದನಿಯಲ್ಲಿ ಒಂದಿಷ್ಟೂ ಹಾಸ್ಯ ಇರಲಿಲ್ಲ. "ಅವರಲ್ಲಿ ಕೆಲವರು ಬೆಳೆಯನ್ನು ಹೊಲದಲ್ಲೇ ಬಿಟ್ಟು ಬಂದಿದ್ದರು" ಅಂದರು. ನನಗೆ ಆ ಅಕ್ಕಿ ಡಬ್ಬಿ ಕಣ್ಣ ಮುಂದೆ ಬಂತು.

ಈ ವಾರ ನನಗೆ ಬೇಜಾರಾದ ಒಂದು ಸಂಗತಿಯೂ ನಡೆಯಿತು. ತರಗತಿಯಲ್ಲಿ ಒಬ್ಬ ಕ್ಯಾಥೊಲಿಕ್ ಸಿಸ್ಟರ್ ಇದ್ದರು. ಪೋಪ್ ವಿಷಯ ಅವರ ಮುಂದೆ ಒಂದು ಗಂಟೆ ನಡೆಯಿತು, ಕ್ಯಾಥೊಲಿಕರು ಏನು ಹೇಳುತ್ತಾರೆ ಅನ್ನುವುದಕ್ಕೆ ಹತ್ತು ನಿಮಿಷವೂ ಸಿಗಲಿಲ್ಲ. ಕೊನೆಗೆ ಅವರೇ ಎದ್ದು ಹೇಳಿದರು. ಪ್ರವಾದನೆಯ ಬಹುಪಾಲು ಹಿಂದೆಯೇ ಆಗಿದೆ ಅನ್ನುವ ವಾದವನ್ನು ವಿವರವಾಗಿ ಕಟ್ಟಿದ ಅಲ್ಕಾಸರ್, ಬಹುಪಾಲು ಮುಂದೆ ಆಗಬೇಕಿದೆ ಅಂದ ರಿಬೇರಾ, ಇಬ್ಬರೂ 16ನೇ ಶತಮಾನದಲ್ಲಿ ಹುಟ್ಟಿದ ಸ್ಪೇನಿನ ಜೆಸ್ವಿಟರು, ಅಂದರೆ ಕ್ಯಾಥೊಲಿಕ್ ಪಾದ್ರಿಗಳೇ. 1992ರ ಕ್ಯಾಥೊಲಿಕ್ ಧರ್ಮೋಪದೇಶದಲ್ಲಿ, ಕ್ರಿಸ್ತ ಮತ್ತೆ ಬರುವುದಕ್ಕೆ ಮೊದಲು ಸಭೆಗೆ ಕೊನೆಯ ಪರೀಕ್ಷೆ ಇದೆ, ದೇವರ ಜಾಗದಲ್ಲಿ ಮನುಷ್ಯ ತನ್ನನ್ನೇ ಕೂರಿಸಿಕೊಳ್ಳುವ ಮೋಸವೇ ಕ್ರಿಸ್ತವಿರೋಧಿಯ ಮೋಸ ಅಂತ ಇದೆ. ಸಿಸ್ಟರ್ ಮೆತ್ತಗೆ, ಸ್ಪಷ್ಟವಾಗಿ ಹೇಳಿ ಕೂತರು. ಮಾಸ್ತರ್ ಎದ್ದು ನಿಂತು ಕೈ ಮುಗಿದರು. ಮುಂದಿನ ಬ್ಯಾಚ್‌ನಲ್ಲಿ ಅವರಿಗೇ ಒಂದು ಸಂಜೆ ಕೊಡಲಿ ಅಂತ ನಾನು ಬರೆದುಕೊಟ್ಟಿದ್ದೇನೆ.

ನಾಲ್ಕನೇ ವಾರಕ್ಕೆ ಅತ್ತಿಯನ್ನು ಕರೆದುಕೊಂಡು ಹೋದೆ. ಅಂದು ಗೋಡೆಗೆ ಚಾರ್ಟ್ ಹಾಕಿದ್ದರು. ಎಡಗಡೆ ಶಿಲುಬೆ, ನಡುವೆ ಮೇಲಕ್ಕೆ ಹೋಗುವ ಬಾಣ, ಆಮೇಲೆ ಏಳು ವರ್ಷದ ಮಹಾಸಂಕಟ, ಅರ್ಧಕ್ಕೆ ಕೆಂಪು ಗೆರೆ, ಬಲಗಡೆ ಸಾವಿರ ವರ್ಷದ ಆಳ್ವಿಕೆ. ನಮ್ಮ ಮನೆಯಲ್ಲಿ ಇಂಥದೇ ಒಂದು ಚಾರ್ಟ್ ಇತ್ತು. ಮಡಿಚಿ ಮಡಿಚಿ ನಡುವೆ ಹರಿದಿತ್ತು, ಅವ್ವ ಅದಕ್ಕೆ ಹಿಂದಿನಿಂದ ಗೋಂದು ಹಚ್ಚಿ ಪೇಪರ್ ಅಂಟಿಸಿದ್ದಳು. ನಾನು ಅದನ್ನು ಸತ್ಯವೇದದ ಜೊತೆಗೇ ಕೊಟ್ಟದ್ದು ಅಂದುಕೊಂಡಿದ್ದೆ. ಸಂಕಟಕ್ಕೆ ಮೊದಲೇ ಸಭೆ ಎತ್ತಲ್ಪಡುತ್ತದೆ ಅನ್ನುವ ಈ ಕ್ರಮವನ್ನು ಹರಡಿದವನು 1800ರಲ್ಲಿ ಹುಟ್ಟಿದ ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕ. ಅದು ಮನೆಮನೆ ಮುಟ್ಟಿದ್ದು 1909ರಲ್ಲಿ ಬಂದ ಸ್ಕೊಫೀಲ್ಡ್‌ನ ಟಿಪ್ಪಣಿ ಬೈಬಲ್‌ನಿಂದ. ದಾನಿಯೇಲ 9ರ 70 ವಾರಗಳಲ್ಲಿ 69 ಆಗಿವೆ, ಕೊನೆಯ ಒಂದು ವಾರ ಬಾಕಿ, ಅದೇ ಆ ಏಳು ವರ್ಷ.

ನಮ್ಮ ಕಡೆ ಬಹಳ ಸಭೆಗಳು ಇದನ್ನೇ ಕಲಿಸುತ್ತವೆ. ಮಾಸ್ತರ್ ಅದನ್ನು ಮರ್ಯಾದೆಯಿಂದಲೇ ಹೇಳಿದರು. ಕ್ರಿಸ್ತನು ನಿಜವಾಗಿ, ಕಣ್ಣಿಗೆ ಕಾಣುವ ಹಾಗೆ ಬರುತ್ತಾನೆ ಅನ್ನುವುದನ್ನು ಈ ಜನ ಗಟ್ಟಿಯಾಗಿ ಹಿಡಿದಿದ್ದಾರೆ ಅಂದರು. ಆಮೇಲೆ ಕೋಲು ತೆಗೆದು ಬಾಣದ ಮೇಲೆ ಇಟ್ಟರು. "ಸಭೆ ಇಲ್ಲಿ ಹೋಯ್ತು." ಕೋಲು ಸರಿಸಿ ಕೆಂಪು ಗೆರೆಯ ಮೇಲೆ ಇಟ್ಟರು. "ಗುರುತು ಬರೋದು ಇಲ್ಲಿ. ಹಾಗಾದರೆ ಈ ಚಾರ್ಟ್ ನಂಬುವವರು ಇವತ್ತು ಯಾವ ಗುರುತಿಗೆ ಹೆದರಬೇಕು?"

ಅತ್ತಿ ಕುರ್ಚಿಯಿಂದ ಎದ್ದು ಹತ್ತಿರ ಹೋಗಿ ಚಾರ್ಟ್ ನೋಡಿದಳು. ಬಾಣದಿಂದ ಕೆಂಪು ಗೆರೆಯವರೆಗೆ ಗೇಣು ಹಾಕಿದಳು. ಏನೂ ಮಾತಾಡದೆ ಬಂದು ಕೂತಳು. ಆಕೆಗೆ ಹೆದರಿಸಿದ ಬೋಧಕರು ತೋರಿಸಿದ್ದೂ ಇದೇ ಚಾರ್ಟ್ ಅಂತೆ. ತಮ್ಮದೇ ಚಾರ್ಟ್ ಪ್ರಕಾರ ಅವರ ಮಾತು ನಿಲ್ಲುತ್ತಿರಲಿಲ್ಲ. ನನಗೆ ಸಿಟ್ಟು ಬಂತು, ಈಗಲೂ ಇದೆ. ಏಳು ತಿಂಗಳ ಅಕ್ಕಿ ಅದು.

ಎಲ್ಲ ಕಾಲಕ್ಕೂ ಅನ್ವಯಿಸುವ ಚಿತ್ರ ಇದು, ಪೂಜೆ ಬೇಡುವ ಯಾವ ಅಧಿಕಾರವೂ ಮೃಗವೇ ಅನ್ನುವವರ ಮತ ಐದನೇ ವಾರ ಬಂತು. ಸಾವಿರ ವರ್ಷ ಅಂದರೆ ಈಗಿನ ಸಭೆಯ ಕಾಲ ಅಂದ ಹಳೇ ಕಾಲದ ಬಿಷಪ್ ಅಗಸ್ಟೀನನ ವಿಚಾರವೂ ಅಂದೇ. ಪಾಠ ಸ್ವಲ್ಪ ಅವಸರದಲ್ಲಿ ಹೋಯಿತು. ನೆನಪಲ್ಲಿ ಉಳಿದದ್ದು ಒಂದು ಮಾತು. ಅಧರ್ಮಸ್ವರೂಪನನ್ನು ಈಗ ತಡೆದು ಹಿಡಿದಿರುವುದು ಯಾವುದು ಅಂತ ಪೌಲ ಹೇಳಿದ್ದು ತನಗೆ ಅರ್ಥವಾಗಿಲ್ಲ ಅಂತ ಅಗಸ್ಟೀನ್ ಬರೆದೇ ಇಟ್ಟಿದ್ದಾನಂತೆ. ಅಷ್ಟು ದೊಡ್ಡ ಮನುಷ್ಯ ಹಾಗೆ ಬರೆದ ಅಂತ ಕೇಳಿ ನನ್ನ ಎದೆ ಹಗುರಾಯಿತು.

ಕೊರತೆಗಳನ್ನೂ ಹೇಳಬೇಕು. ನೋಟ್ಸ್‌ನ ಅಕ್ಷರ ಬಹಳ ಸಣ್ಣ. ಜೆರಾಕ್ಸ್ ಕೆಲಸದವನಾಗಿ ಹೇಳುತ್ತೇನೆ, ಎರಡು ಪಾಯಿಂಟ್ ಹೆಚ್ಚಿಸಿದರೆ ಐದಾರು ಹಾಳೆ ಜಾಸ್ತಿ ಆಗಬಹುದು, ವಯಸ್ಸಾದವರು ಓದುತ್ತಾರೆ. ಭಾಲ್ಕಿ, ಔರಾದ ಕಡೆಯವರು ಬಸ್ಸಿಗಾಗಿ ಅರ್ಧಕ್ಕೇ ಏಳಬೇಕು, ಒಂದು ತಾಸು ಮೊದಲೇ ಶುರು ಮಾಡಲಿ. ಇನ್ನೊಂದು ದೊಡ್ಡ ಮಾತು: ಇವತ್ತಿನ ಸುದ್ದಿ, ಯುದ್ಧ, ಇಸ್ರೇಲ್ ಬಗ್ಗೆ ಕೇಳಿದರೆ ಮಾಸ್ತರ್ ಉತ್ತರ ಕೊಡುವುದಿಲ್ಲ. "ಪೇಪರ್ ತಂದು ಪ್ರಕಟನೆ ಮೇಲೆ ಇಡಬೇಡಿ" ಅನ್ನುತ್ತಾರೆ. ಅವರ ಕಾರಣ ಸರಿಯೇ. ಆದರೂ ನಮ್ಮ ಹುಡುಗರು ಮೊಬೈಲ್‌ನಲ್ಲಿ ದಿನಾ ಅದನ್ನೇ ನೋಡುತ್ತಾರೆ. ಅರ್ಧ ತಾಸು ಆ ಪ್ರಶ್ನೆಗಳಿಗೂ ಕೊಡಬೇಕು.

ಆರನೇ ಶನಿವಾರ ಪ್ರಶ್ನೆಗಳ ದಿನ. ಅತ್ತಿ ಮೊದಲೇ ಕೈ ಎತ್ತಿದಳು. "ಮಾಸ್ತರ್ ಸರ್, ನೀವು ನಾಕು ಮಂದಿ ಮಾತು ಹೇಳಿದ್ರಿ. ನಾಕೂ ಮಂದಿ ಒಪ್ಪೂದು ಒಂದಾರ ಅದಾ ಇಲ್ಲ?"

ಮಾಸ್ತರ್ ಸ್ವಲ್ಪ ಹೊತ್ತು ಸುಮ್ಮನಿದ್ದು ಪ್ರಕಟನೆ 14:9 ತೆಗೆಯಿರಿ ಅಂದರು. ಮೃಗವನ್ನು ಪೂಜಿಸಿ ಅದರ ಗುರುತು ಹಾಕಿಸಿಕೊಂಡವರು ಅಂತ ಇದೆ. ಗುರುತು ಬಂದ ಕಡೆಯಲ್ಲೆಲ್ಲ ಪೂಜೆ ಅದರ ಬೆನ್ನಿಗೇ ಬರುತ್ತದೆ, ಯಾವ ಮತದವರು ಓದಿದರೂ ಇವೆರಡನ್ನು ಬೇರೆ ಮಾಡಲು ಆಗುವುದಿಲ್ಲ ಅಂದರು. ಅದೇ 14ನೇ ಅಧ್ಯಾಯದ ಮೊದಲ ವಚನದಲ್ಲಿ ಕುರಿಮರಿಯ, ಅಂದರೆ ಕ್ರಿಸ್ತನ, ಜನರ ಹಣೆಯ ಮೇಲೂ ಹೆಸರು ಬರೆದಿದೆ. ಅಂದರೆ ಯಾರಿಗೆ ಸೇರಿದವರು ಅನ್ನುವ ಪ್ರಶ್ನೆ ಇದು. ಆಮೇಲೆ ಅತ್ತಿಯ ಕಡೆ ತಿರುಗಿ ಕೇಳಿದರು: "ಅಕ್ಕಾ, ರೇಷನ್ ಅಂಗಡಿಯಲ್ಲಿ ಹೆಬ್ಬೆರಳು ಕೊಡುವಾಗ ಯೇಸುವನ್ನು ಬಿಡು ಅಂತ ಯಾರಾದರೂ ಹೇಳ್ತಾರಾ? ಇನ್ಯಾರಿಗೋ ಅಡ್ಡ ಬೀಳು ಅಂತಾರಾ?"

"ಇಲ್ರೀ. ಚೀಲ ತಂದೀ ಏನ್ ಅಂತಾರ."

"ಹಾಗೆ ಕೇಳುವ ದಿನ ಬಂದರೆ ಕೊಡಬೇಡಿ. ಈ ಧೈರ್ಯ ಆ ದಿನಕ್ಕೆ ಇಟ್ಟುಕೊಳ್ಳಿ."

ಸೋಮವಾರ ನಾನೇ ಅತ್ತಿಯ ಊರಿಗೆ ಹೋದೆ. ಚೀಲ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು ಆಕೆ ಸಾಲಿನಲ್ಲಿ ನಿಂತಳು. ಸರದಿ ಬಂದಾಗ ಮೆಷಿನ್‌ಗೆ ಎಡಗೈ ಹೆಬ್ಬೆರಳು ಕೊಟ್ಟಳು. ಕಳೆ ತೆಗೆದು ಸವೆದ ಬೆರಳು, ಎರಡು ಸಲ ಹಿಡಿಯಲಿಲ್ಲ. ಸೆರಗಿನಿಂದ ಒರೆಸಿ ಮೂರನೇ ಸಲ ಒತ್ತಿದಳು, ಹಿಡಿಯಿತು. ಬಲಗೈ ಆಗಲೂ ಸೆರಗಿನೊಳಗೇ ಇತ್ತು. ನಾನು ಏನೂ ಕೇಳಲಿಲ್ಲ. ಅಕ್ಕಿ ಚೀಲ ನಾನು ಹೊತ್ತೆ.

ಮುಂದಿನ ಬ್ಯಾಚ್ ಮಳೆಗಾಲ ಮುಗಿದ ಮೇಲೆ. ಹೆಸರು ಮೊದಲೇ ಬರೆಸಿ, ಮೂವತ್ತು ಜನಕ್ಕೆ ಮಾತ್ರ ಜಾಗ. ಯಾವ ಸಭೆಯವರಾದರೂ ಸೇರಿಸಿಕೊಳ್ಳುತ್ತಾರೆ, ಸಭೆಗೆ ಹೋಗದವರೂ ಇಬ್ಬರು ಇದ್ದರು. ನಿಮ್ಮ ಸತ್ಯವೇದ ನೀವೇ ತನ್ನಿ. ಚಾಳೀಸು ಮರೆಯಬೇಡಿ. ಮನೆಯಲ್ಲಿ ಯಾರಾದರೂ ಹೆದರಿ ಕೂತಿದ್ದರೆ ನಾಲ್ಕನೇ ವಾರಕ್ಕೆ ಕಾಯದೆ ಮೊದಲ ದಿನವೇ ಅವರ ಕೈ ಹಿಡಿದು ಕರೆದುಕೊಂಡು ಹೋಗಿ.